ಖಾಸಗಿ ಜಮೀನಿನಲ್ಲಿ ಅಳಿವಿನಂಚಿನ ಸಸ್ಯಗಳ ಸಂರಕ್ಷಣೆ (ಅಮೆರಿಕ)

ಖಾಸಗಿ ಜಮೀನಿನಲ್ಲಿ ಬೆಳೆಯುವ ಅಪರೂಪದ ಸಸ್ಯಗಳನ್ನು ಭೂಮಾಲೀಕರ ಸಹಕಾರದಿಂದ ಉಳಿಸುವ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದಕ್ಕೆ ಅಲ್ಲಿನ ಕಾನೂನಿನ ಕೊರತೆಯೂ ಒಂದು ಕಾರಣ. ಅಳಿವಿನಂಚಿನ ಪ್ರಾಣಿಯನ್ನು ಯಾರ ಜಮೀನಿನಲ್ಲೂ ಕೊಲ್ಲಬಾರದೆಂದ 1973ರ ಕಾಯಿದೆ, ಸಸ್ಯಗಳ ವಿಷಯದಲ್ಲಿ ವ್ಯಾಪಾರ, ಸಾಗಣೆಗಳನ್ನಷ್ಟೇ ತಡೆಯಿತು. ಏಕೆಂದರೆ ನೆಲದಲ್ಲಿ ಬೇರೂರಿದ್ದು ನೆಲದೊಡೆಯನ ಸ್ವತ್ತು ಎಂಬುದು ಅಲ್ಲಿನ ಹಳೆಯ ನ್ಯಾಯ. ಕೇಂದ್ರ ಸರ್ಕಾರದ ಜಮೀನಿನಿಂದ ಇಂಥ ಗಿಡಗಳನ್ನು ಕಿತ್ತೊಯ್ಯುವುದು 1982ರಲ್ಲಿ ನಿಷಿದ್ಧವಾಯಿತು. ಉಳಿದ ಕಡೆ, ರಾಜ್ಯದ ಕಾನೂನನ್ನು ಬೇಕೆಂದೇ ಮುರಿದು ನಾಶಮಾಡಿದರೆ ಅಪರಾಧವೆಂದು 1988ರ ತಿದ್ದುಪಡಿ ಸೇರಿಸಿತು. ರೈತನೊಬ್ಬ ತನ್ನ ಹೊಲದ ಗಿಡವನ್ನು ಉತ್ತು ಹಾಕುವುದಕ್ಕೆ ಆಮೇಲೂ ಕೇಂದ್ರದ ಕಾಯಿದೆಯಿಂದ ಹೆಚ್ಚಿನ ಅಡ್ಡಿ ಇರಲಿಲ್ಲ.

ಕಾನೂನು ಬಿಗಿಯಾಗಿದ್ದರೂ ಅದೊಂದೇ ಸಾಲುತ್ತಿರಲಿಲ್ಲ ಎಂಬುದನ್ನು ಆರೆಗಾನ್ ರಾಜ್ಯದ ವಿಲ್ಲಾಮೆಟ್ ಕಣಿವೆ ತೋರಿಸುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಕಾಲಪೂಯ ಜನ ಹುಲ್ಲುಗಾವಲಿಗೆ ಆಗಾಗ ಬೆಂಕಿಯಿಟ್ಟು ಅದನ್ನು ಬಯಲಾಗಿಯೇ ಉಳಿಸಿಕೊಂಡಿದ್ದರು. 19ನೆಯ ಶತಮಾನದಲ್ಲಿ ವಲಸೆಗಾರರು ನೆಲೆಸಿದ ಮೇಲೆ ಬಹುಪಾಲು ನೆಲ ನೇಗಿಲಿಗೆ ಸಿಕ್ಕಿತು. ಬೆಂಕಿ ನಿಂತ ಕಡೆ ಪೊದೆ, ಮರಗಳು ಆವರಿಸಿದವು. ಗೋಲ್ಡನ್ ಪೇಂಟ್‌ಬ್ರಷ್ ಎಂಬ ಹಳದಿ ಹೂಗೊಂಚಲಿನ ಗಿಡ ಆರೆಗಾನ್‌ನಲ್ಲಿ ತಾನಾಗಿ ಬೆಳೆದು ಕೊನೆಯದಾಗಿ ಕಂಡದ್ದು 1938ರಲ್ಲಿ. ಇದರ ಬೇರು ನೆರೆಯ ಹುಲ್ಲಿನ ಬೇರಿಗೆ ಕಚ್ಚಿಕೊಂಡು ನೀರನ್ನೂ ಪೋಷಕಾಂಶವನ್ನೂ ಹೀರುತ್ತದೆ. ಎಲೆಗಳು ಹಸಿರಾಗಿರುವುದರಿಂದ ಸ್ವಂತ ಆಹಾರವನ್ನೂ ತಯಾರಿಸಿಕೊಳ್ಳುತ್ತದೆ. ಹೀಗಾಗಿ ಒಂದು ಗಿಡವನ್ನು ಉಳಿಸಬೇಕಾದರೆ ಅದರ ನೆರೆಹೊರೆಯನ್ನೇ ಉಳಿಸಬೇಕು. ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಅದು ಬದುಕದು. ಹುಲ್ಲು ಕೊಯ್ಯಬೇಕು, ಪೊದೆ ಸವರಬೇಕು, ಹದವರಿತು ಸುಡಬೇಕು. ಜಮೀನಿನವರ ಮನಸ್ಸಿಲ್ಲದೆ ಈ ಆರೈಕೆ ನಡೆಯುವಂಥದ್ದಲ್ಲ.

ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಸೇವೆಯು 1987ರಲ್ಲಿ ಆರಂಭಿಸಿದ ಪಾಲುದಾರಿಕೆ ಯೋಜನೆ ಇಂಥ ಕೆಲಸಕ್ಕೆ ಹಣ ಮತ್ತು ತಜ್ಞರ ನೆರವು ಒದಗಿಸಿತು. 1990ರ ಕೃಷಿ ಕಾಯಿದೆಯಡಿ, ಜೌಗು ಹೊಲಗಳನ್ನು ಸಾಗುವಳಿಯಿಂದ ಬಿಡಿಸಿ ಮೊದಲಿನ ಸ್ಥಿತಿಗೆ ತರಲು ಒಪ್ಪಿದ ರೈತರಿಗೆ ಪರಿಹಾರ ದೊರೆಯಿತು. ಆದರೂ ರೈತರ ದೊಡ್ಡ ಅಂಜಿಕೆ ಬೇರೆಯೇ ಇತ್ತು: ಅಪರೂಪದ ಪ್ರಾಣಿಗೆ ಜಾಗ ಕೊಟ್ಟರೆ ನಾಳೆ ತಮ್ಮ ನೆಲದ ಮೇಲೇ ನಿರ್ಬಂಧ ಬರಬಹುದು. 1995ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಮರಕುಟಿಗವೊಂದರ ಸಲುವಾಗಿ ಆರಂಭವಾದ ‘ಸೇಫ್ ಹಾರ್ಬರ್’ ಒಪ್ಪಂದ ಈ ಅಂಜಿಕೆಯನ್ನು ನೇರವಾಗಿ ಎದುರಿಸಿತು. ಒಪ್ಪಂದದ ದಿನ ಇದ್ದ ಸ್ಥಿತಿಯನ್ನು ಕಾಪಾಡಿದರೆ ಸಾಕಿತ್ತು. ಆಮೇಲೆ ಜೀವಿಗಳ ಸಂಖ್ಯೆ ಹೆಚ್ಚಿದರೆ ಅದಕ್ಕಾಗಿ ಹೊಸ ನಿರ್ಬಂಧವಿರಲಿಲ್ಲ. ಆರೆಗಾನ್‌ನಲ್ಲಿ ಇದೇ ಒಪ್ಪಂದ ಫೆಂಡರ್ಸ್ ಬ್ಲೂ ಚಿಟ್ಟೆಗೂ ವಿಸ್ತರಿಸಿತು. ಆ ಚಿಟ್ಟೆ ಮೊಟ್ಟೆಯಿಡುವ ಮುಖ್ಯ ಸಸ್ಯ ಕಿಂಕೇಡ್ಸ್ ಲುಪಿನ್ ಕೂಡ ಅಪಾಯದಲ್ಲಿದ್ದುದರಿಂದ, ಕಾನೂನು ಕೈಬಿಟ್ಟ ಗಿಡಕ್ಕೆ ಚಿಟ್ಟೆಯ ನೆಪದಲ್ಲಿ ಆರೈಕೆ ದೊರೆಯಿತು. ಸಸ್ಯಸಂರಕ್ಷಣೆಗೆ ಇದಕ್ಕಿಂತ ಜಾಣತನದ ದಾರಿ ಅಪರೂಪ.

1973ರ ಕಾಯಿದೆಯ ರಕ್ಷಿತ ಪ್ರಭೇದಗಳ ಪಟ್ಟಿಗೆ 1988ರಲ್ಲಿ ಸೇರಿದ್ದ, ಇದೇ ಕಣಿವೆಯ ಮತ್ತೊಂದು ಗಿಡ ಬ್ರಾಡ್‌ಷಾಸ್ ಲೊಮೇಷಿಯಂ 2021ರಲ್ಲಿ, 1997ರಲ್ಲಿ ಸೇರಿದ್ದ ಗೋಲ್ಡನ್ ಪೇಂಟ್‌ಬ್ರಷ್ 2023ರಲ್ಲಿ ಚೇತರಿಸಿಕೊಂಡವೆಂದು ಪಟ್ಟಿಯಿಂದ ಹೊರಬಂದವು. ಹೀಗೆ ಹೊರಬಂದ ಪ್ರಭೇದಗಳ ಮೇಲೆ ಕನಿಷ್ಠ 5 ವರ್ಷ ನಿಗಾ ಇಡಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ.