ಒಂದೊಂದೇ ರನ್ನು

ಮಲಾಡ್ ಎಲ್ಲಿದೆ ಅಂತ ಊರಿನವರಿಗೆ ಹೇಳೋದು ಇವತ್ತಿಗೂ ಕಷ್ಟವೇ. ಚರ್ಚ್‌ಗೇಟಿನಿಂದ ಸ್ಲೋ ಲೋಕಲ್ ಹತ್ತಿದರೆ ಅಂಧೇರಿ, ಜೋಗೇಶ್ವರಿ, ಗೋರೆಗಾಂವ್ ದಾಟಿದ ಮೇಲೆ ಬರುವ ಸ್ಟೇಷನ್ನು. ನಾನು 1983ರಲ್ಲಿ ಸಾಗರದ ಕಡೆಯಿಂದ ಬ್ಯಾಂಕ್ ಕೆಲಸಕ್ಕೆಂದು ಬಂದಾಗ ಸ್ಟೇಷನ್ನಿನ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಖಾಲಿ ಜಾಗ, ಜೌಗು ನೆಲ. ಈ ಶತಮಾನ ಹುಟ್ಟಿದ ಮೇಲೆ ಲಿಂಕ್ ರೋಡಿನ ಆಚೆ ಮೈಂಡ್‌ಸ್ಪೇಸ್ ಅಂತ ಗಾಜಿನ ಕಟ್ಟಡಗಳು ಎದ್ದವು, ಕಾಲ್ ಸೆಂಟರುಗಳು ಬಂದವು. ಅಮೆರಿಕದ ಹಗಲಿಗೆ ಸರಿಯಾಗಿ ಇಲ್ಲಿನ ರಾತ್ರಿ ಎಚ್ಚರವಾಗಿರೋದಕ್ಕೆ ಶುರುವಾಯಿತು. ಹುಬ್ಬಳ್ಳಿ, ಬೆಳಗಾವಿ, ಉಡುಪಿಯ ಹುಡುಗರೂ ಈ ರಾತ್ರಿ ಪಾಳಿಗೆ ಬಂದು ಸೇರಿಕೊಂಡರು.

ನಮ್ಮ ಬಿಲ್ಡಿಂಗಿನಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದ ಅಂಥ ಒಬ್ಬ ಹುಬ್ಬಳ್ಳಿ ಹುಡುಗನಿಂದಲೇ ನನಗೆ ಅಮೆರಿಕದ ಫುಟ್‌ಬಾಲಿನ ಪರಿಚಯ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಫುಟ್‌ಬಾಲ್ ಅದು. ಗಿರಾಕಿಗಳ ಜೊತೆ ಮಾತಿಗೆ ಬೇಕಾಗುತ್ತೆ ಅಂತ ನೋಡೋಕೆ ಶುರು ಮಾಡಿದವನು ಆಮೇಲೆ ಅದರ ಹುಚ್ಚನೇ ಆದ. ಅವರ ಭಾನುವಾರ ಮಧ್ಯಾಹ್ನದ ಪಂದ್ಯ ನಮಗೆ ಭಾನುವಾರ ರಾತ್ರಿ. ನಿವೃತ್ತಿಯಾದ ಮೇಲೆ ನನಗೂ ನಿದ್ದೆ ಕಡಿಮೆ. "ಅಂಕಲ್, ನಿಮ್ಮ ಟೆಸ್ಟ್ ಮ್ಯಾಚಿಗಿಂತ ಇದರಾಗ ತಲಿ ಜಾಸ್ತಿ ಬೇಕ್ರೀ" ಅಂತ ಅವನ ವಾದ. ಅರ್ಧ ನಿಜ ಅನ್ನಿ.

ಆಟದ ಲೆಕ್ಕ ಹೀಗೆ: ಚೆಂಡು ನಿಮ್ಮ ಕೈಯಲ್ಲಿದ್ದರೆ ನಾಲ್ಕು ಸರದಿಯೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸರದಿ ಸಿಗುತ್ತೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡೆಸೆಯುವ ನಾಯಕ ಕ್ವಾರ್ಟರ್‌ಬ್ಯಾಕ್. ಅವನು ಐದು ಗಜಕ್ಕೂ ಎಸೆಯಬಹುದು, ಐವತ್ತು ಗಜಕ್ಕೂ ಎಸೆಯಬಹುದು. ಜನ ದುಡ್ಡು ಕೊಟ್ಟು ಬರೋದು ಐವತ್ತು ಗಜದ್ದನ್ನು ನೋಡೋದಕ್ಕೆ. ಎದುರಾಳಿಗಳು ಏನು ಮಾಡ್ತಾರೆ ಅಂದರೆ, ಇಬ್ಬರು ಕಾವಲುಗಾರರನ್ನು ತೀರಾ ಹಿಂದೆ ನಿಲ್ಲಿಸಿಬಿಡ್ತಾರೆ. ದೂರದ ಎಸೆತದ ಬಾಗಿಲು ಮುಚ್ಚಿತು. ಆದರೆ ಹಿಂದೆ ಇಬ್ಬರು ನಿಂತ ಮೇಲೆ ಮುಂದೆ ಜಾಗ ತೆರವಾಗಲೇಬೇಕಲ್ಲ? ಐದಾರು ಗಜದ್ದು ಬೇಕಾದರೆ ತಗೋ ಅಂತ ಬಿಟ್ಟಿರ್ತಾರೆ. ನಿನಗೆ ತಾಳ್ಮೆ ಇಲ್ಲ, ಹತ್ತು ಸಲ ಸಣ್ಣದನ್ನು ತೆಗೆದುಕೊಳ್ಳೋಷ್ಟರಲ್ಲಿ ಒಂದು ಸಲ ದೊಡ್ಡದಕ್ಕೆ ಕೈಹಾಕಿ ಕೆಡ್ತೀಯ ಅನ್ನೋದು ಅವರ ನಂಬಿಕೆ.

ಕಾನ್ಸಾಸ್ ಸಿಟಿ ತಂಡದ ಪ್ಯಾಟ್ರಿಕ್ ಮಹೋಮ್ಸ್ ಎಂಬಾತ 2018ರಲ್ಲಿ, ಪೂರ್ತಿ ಆಡಿದ ಮೊದಲನೇ ಸೀಸನ್ನಿನಲ್ಲೇ, 50 ಟಚ್‌ಡೌನ್ ಎಸೆದ ಹುಡುಗ. 2021ರಲ್ಲಿ ಎಲ್ಲ ತಂಡಗಳೂ ಅವನಿಗೆ ಹೀಗೆ ಹಿಂದೆ ಕಾವಲು ಹಾಕಿದವು. ಮೊದಲ ಏಳು ಪಂದ್ಯಗಳಲ್ಲಿ ನಾಲ್ಕನ್ನು ತಂಡ ಸೋತಿತು. ಮುಚ್ಚಿದ ಬಾಗಿಲಿಗೇ ಎಸೀತಾನೆ ನೋಡ್ರಿ ಅಂತ ನಮ್ಮ ಹುಬ್ಬಳ್ಳಿಯವನು ತಲೆ ಚಚ್ಚಿಕೊಳ್ತಿದ್ದ. 2022ರ ಮಾರ್ಚಿನಲ್ಲಿ ತಂಡ ತನ್ನ ಅತಿ ವೇಗದ ಓಟಗಾರ ಟೈರೀಕ್ ಹಿಲ್‌ನನ್ನೇ ಮಯಾಮಿಗೆ ಬಿಟ್ಟುಕೊಟ್ಟಿತು. ಆ ಸೀಸನ್ನಿನಲ್ಲಿ ಮಹೋಮ್ಸ್ ಹತ್ತಿರದಲ್ಲಿ ಸಿಕ್ಕಿದ್ದನ್ನು ಬೇಸರಿಸದೆ ತೆಗೆದುಕೊಳ್ಳುತ್ತಾ ಹೋದ. 2023ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾವನ್ನು 38–35ರಿಂದ ಸೋಲಿಸಿ ತಂಡ ಸೂಪರ್ ಬೌಲ್ ಗೆದ್ದಿತು.

ಸಣ್ಣ ಎಸೆತದ ವಿದ್ಯೆ ಅಲ್ಲಿ ಹಳೆಯದೇ. 1970ರಲ್ಲಿ ಸಿನ್ಸಿನಾಟಿ ತಂಡದ ಭಾರೀ ತೋಳಿನ ಎಸೆತಗಾರ ಭುಜ ಕೆಡಿಸಿಕೊಂಡು ಕೂತಾಗ, ದೂರ ಎಸೆಯಲಾರದ ವರ್ಜಿಲ್ ಕಾರ್ಟರ್‌ನನ್ನು ಇಟ್ಟುಕೊಂಡು ತರಬೇತುದಾರ ಬಿಲ್ ವಾಲ್ಷ್ ಇದನ್ನು ಕಟ್ಟಿದರು. ಅದೇ ವಿದ್ಯೆಯಿಂದ ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟರು. ಇಲ್ಲದವನು ಅನಿವಾರ್ಯವಾಗಿ ಕಂಡುಕೊಂಡದ್ದನ್ನು ಇದ್ದವನು ಅರ್ಧ ಶತಮಾನದ ನಂತರ ಕಷ್ಟಪಟ್ಟು ಕಲಿಯಬೇಕಾಯಿತು.

ಇದನ್ನೆಲ್ಲ ಕೇಳುವಾಗ ನನಗೆ ನೆನಪಾಗುತ್ತಿದ್ದದ್ದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮೈದಾನ, 2001ರ ಡಿಸೆಂಬರ್. ಇಂಗ್ಲೆಂಡಿನ ನಾಯಕ ನಾಸಿರ್ ಹುಸೇನ್ ತೆಂಡೂಲ್ಕರನ್ನು ಔಟ್ ಮಾಡುವ ಆಸೆಯನ್ನು ಹೆಚ್ಚುಕಮ್ಮಿ ಕೈಬಿಟ್ಟು, ರನ್ ಕೊಡಬಾರದು ಅಂತ ಹಟ ಹಿಡಿದರು. ಎಡಗೈ ಸ್ಪಿನ್ನರ್ ಆ್ಯಶ್ಲಿ ಗೈಲ್ಸ್ ಓವರ್ ದಿ ವಿಕೆಟ್ ಬಂದು ಲೆಗ್ ಸ್ಟಂಪಿನಿಂದ ಆಚೆ, ಬೂಟುಕಾಲಿನಿಂದ ಕಿತ್ತುಹೋದ ನೆಲಕ್ಕೆ ಚೆಂಡು ಹಾಕುತ್ತಲೇ ಹೋದರು. ಲೆಗ್ ಕಡೆ ಕಾವಲು. ತೆಂಡೂಲ್ಕರ್ ಪ್ಯಾಡಿನಿಂದ ಒದ್ದು ಒದ್ದು ಕಳಿಸಿದರು. ಕೊನೆಗೆ 90ಕ್ಕೆ ಬಂದಾಗ ಮುನ್ನುಗ್ಗಿದರು, ಚೆಂಡು ತಪ್ಪಿತು, ಕೀಪರ್ ಜೇಮ್ಸ್ ಫಾಸ್ಟರ್ ಬೇಲ್ಸ್ ಹಾರಿಸಿದ. ಟೆಸ್ಟಿನಲ್ಲಿ ತೆಂಡೂಲ್ಕರ್ ಸ್ಟಂಪ್ ಆಗಿದ್ದು ಅದೇ ಮೊದಲು.

ನನ್ನ ಅಣ್ಣ ಅವತ್ತು ಸ್ಟೇಡಿಯಮ್ಮಿನಲ್ಲಿದ್ದ. ರಾತ್ರಿ ಫೋನ್ ಮಾಡಿ ಅರ್ಧ ಗಂಟೆ ಗೈಲ್ಸ್‌ಗೆ ಬೈದ. "ಅದೇನು ಬೌಲಿಂಗೇನೋ? ಕಳ್ಳತನ ಕಣೋ." ನನಗೆ ಹಾಗನ್ನಿಸಿರಲಿಲ್ಲ. ನೋಡೋಕೆ ಕೆಟ್ಟದಾಗಿತ್ತು, ಒಪ್ಪಿದೆ. ಆದರೆ ನಿಯಮ ಮೀರಿರಲಿಲ್ಲ. ಬಾಗಿಲು ಮುಚ್ಚೋದೂ ಆಟವೇ.

ಅಣ್ಣನಿಗೆ ಆ ಸಿಟ್ಟು ಬರಲು ಕಾರಣವಿತ್ತು. ಅವನು ಪ್ರಸನ್ನರ ಕಾಲದವನು. 1958-59ರಿಂದ 15 ವರ್ಷ ಒಂದೂ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು 1974ರಲ್ಲಿ ಕರ್ನಾಟಕ ಇದೇ ಬೆಂಗಳೂರಿನ ಸೆಮಿಫೈನಲಿನಲ್ಲಿ ತಡೆದಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ನಮ್ಮದು 385. ಬಾಂಬೆ 307ಕ್ಕೆ ನಿಂತಿತು. ಗವಾಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ್ದನ್ನು ಪೇಪರಿನಲ್ಲಿ ಓದಿ ನಾವಿಬ್ಬರೂ ಕುಣಿದಿದ್ದೆವು. ಪ್ರಸನ್ನ ಬಾಗಿಲು ಮುಚ್ಚುವವರಲ್ಲ. ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು 'ಬಾಪ್ಪಾ, ಹೊಡಿ' ಅಂತ ಕರೆಯುವವರು. ಹಾಗೆ ಕರೆದು ಕೆಡವೋದನ್ನು ನೋಡಿ ಬೆಳೆದವನಿಗೆ ಗೈಲ್ಸ್ ಹಿಡಿಸೋದು ಹ್ಯಾಗೆ?

ನಾನೋ ಮುಂಬಯಿಗೆ ಬಂದು ಇನ್ನೊಂದು ಪಾಠ ಕೇಳಿದವನು. ಇಲ್ಲಿನ ಕ್ರಿಕೆಟ್ಟಿನಲ್ಲಿ 'ಖಡೂಸ್' ಅಂತ ಒಂದು ಮಾತಿದೆ. ಮೊಂಡ, ಜಿಗುಟು, ಸುಲಭಕ್ಕೆ ವಿಕೆಟ್ ಕೊಡದವ ಎಂಬೆಲ್ಲ ಅರ್ಥ ಅದರೊಳಗಿದೆ. ನಮ್ಮ ಬ್ರಾಂಚಿನ ಮರಾಠಿ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿಗೆ ದಿನಾ ಒಂದು ಖಡೂಸ್ ಕಥೆ ಹೇಳ್ತಿದ್ದರು. ಅವರಿಗೆ ತುಂಬ ಪ್ರಿಯವಾದದ್ದು ನಮ್ಮವರ ವಿರುದ್ಧದ್ದೇ. 1982, ವಾಂಖೆಡೆ, ಮತ್ತೆ ರಣಜಿ ಸೆಮಿಫೈನಲ್. ನಮ್ಮ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಹ್ಯಾಟ್ರಿಕ್ ಸೇರಿ ಎಂಟು ವಿಕೆಟ್ ಕಿತ್ತಿದ್ದರು. ಎರಡನೇ ಇನ್ನಿಂಗ್ಸಿನಲ್ಲಿ ಚೆಂಡು ಇನ್ನೂ ಹೆಚ್ಚು ತಿರುಗತೊಡಗಿತು. ಗವಾಸ್ಕರ್ ಏನು ಮಾಡಿದರು ಗೊತ್ತೆ? ಭಟ್ಟರಿಗೆ ಎಡಗೈಯಲ್ಲಿ ಆಡಿದರು! ಸೋಲು ತಪ್ಪಿಸಿ 18 ರನ್ ಮಾಡಿ ಔಟಾಗದೆ ಉಳಿದರು. ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ಫೈನಲಿಗೆ ಹೋದವರು ನಾವು ಅಂತ ನಾನು ಪ್ರತಿ ಸಲವೂ ನೆನಪಿಸ್ತಿದ್ದೆ. "ಮತ್ತೆ ಫೈನಲ್?" ಅಂತ ಅವರು ಕೇಳೋರು. ಡೆಲ್ಲಿಯಲ್ಲಿ 705 ಹೊಡೆದೂ ಸೋತ ಫೈನಲ್ ಅದು, ನಾನು ಡಬ್ಬಿ ಮುಚ್ಚುತ್ತಿದ್ದೆ.

ಆದರೆ ತಾಳ್ಮೆ ಅಂತ ಎಲ್ಲವನ್ನೂ ಕರೆಯೋಕಾಗೋದಿಲ್ಲ. ಅದೇ ಗವಾಸ್ಕರ್ 1975ರ ಮೊದಲ ವಿಶ್ವಕಪ್ಪಿನ ಮೊದಲ ದಿನ ಲಾರ್ಡ್ಸಿನಲ್ಲಿ 60 ಓವರೂ ನಿಂತು 36 ರನ್ ಮಾಡಿದ್ದರು, ಔಟಾಗದೆ. ಇಂಗ್ಲೆಂಡ್ 334 ಹೊಡೆದಿತ್ತು, ನಮ್ಮದು 3 ವಿಕೆಟ್ಟಿಗೆ 132. ಅವತ್ತು ಅವರು ಸಣ್ಣದನ್ನು ತೆಗೆದುಕೊಳ್ಳುತ್ತಿರಲಿಲ್ಲ, ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊರಗಿನಿಂದ ನೋಡುವವರಿಗೆ 1982ರ 18ಕ್ಕೂ 1975ರ 36ಕ್ಕೂ ವ್ಯತ್ಯಾಸ ಕಾಣಲಿಕ್ಕಿಲ್ಲ.

ಈ ವ್ಯತ್ಯಾಸ ನನ್ನ ಮನೆಯ ವಿಷಯವೂ ಆಗಿತ್ತು. ಇಲ್ಲಿ ಬಾಡಿಗೆ ಮನೆಗೆ ಲೀವ್ ಅಂಡ್ ಲೈಸೆನ್ಸ್ ಕರಾರು, ಸಾಮಾನ್ಯವಾಗಿ 11 ತಿಂಗಳಿಗೆ. ಮಲಾಡಿನೊಳಗೇ ಐದು ಮನೆ ಬದಲಿಸಿದೆವು. ಜೊತೆಗೆ ಬಂದವರಲ್ಲಿ ಕೆಲವರು ಕೆಲಸ ಬಿಟ್ಟು ಗಲ್ಫಿಗೆ ಹೋದರು, ಒಂದೇ ಹೊಡೆತಕ್ಕೆ ಊರಲ್ಲಿ ಮನೆ ಕಟ್ಟಿಸಿದರು. "ಅಲ್ಲಿ ನೀನು ಮಾಡ್ತಿರೋದೇನು? ಬಿಟ್ಟು ಬಾ, ಇಲ್ಲ ಏನಾದರೂ ದೊಡ್ಡದು ಮಾಡು" ಅಂತ ಅಣ್ಣ ವರ್ಷಕ್ಕೊಮ್ಮೆ, ಗಣಪತಿ ಹಬ್ಬಕ್ಕೆ ಹೋದಾಗ, ಹೇಳ್ತಿದ್ದ. ನಾನು ಮಾಡ್ತಿದ್ದದ್ದು ಆರ್‌ಡಿ ಕಟ್ಟೋದು, ಹೆಂಡತಿ ಟ್ಯೂಷನ್ ಹೇಳೋದು, ಮಗಳ ಫೀಸು ತುಂಬೋದು. ಇದು ಯಾವ ತಾಳ್ಮೆ, ಹದಿನೆಂಟರದ್ದೋ ಮೂವತ್ತಾರರದ್ದೋ ಅಂತ ಲೋಕಲಿನಲ್ಲಿ ನೇತಾಡುವಾಗ ಎಷ್ಟೋ ಸಲ ಕೇಳಿಕೊಂಡಿದ್ದೇನೆ. 2003ರ ಕೊನೆಗೆ ಒಂದು ರೂಮು, ಒಂದು ಅಡುಗೆಮನೆ ನಮ್ಮದಾಯಿತು. ಸಾಲದ ಮೊದಲ ಕಂತು ಕಟ್ಟಿದ ತಿಂಗಳಲ್ಲೇ ಸಿಡ್ನಿ ಟೆಸ್ಟ್ ನಡೆಯಿತು.

2004ರ ಜನವರಿಯ ಆ ಟೆಸ್ಟನ್ನು ಹೊಸ ಮನೆಯ ಬರೀ ನೆಲದ ಮೇಲೆ ಕೂತು ನೋಡಿದೆ. ಆ ಸರಣಿಯಲ್ಲಿ ಅಲ್ಲಿಯವರೆಗೆ ಐದು ಇನ್ನಿಂಗ್ಸಿನಿಂದ ತೆಂಡೂಲ್ಕರ್ 82 ರನ್ ಮಾಡಿದ್ದರು. ಆಫ್ ಸ್ಟಂಪಿನಾಚೆ ಚೆಂಡು ಹಾಕಿ ಕವರ್ ಡ್ರೈವಿಗೆ ಆಸೆ ಹುಟ್ಟಿಸೋದು ಆಸ್ಟ್ರೇಲಿಯನ್ನರ ಉಪಾಯ. ಅವರ ಬದುಕಿನ ಅತಿ ಚಂದದ ಹೊಡೆತ ಅದು. ಸಿಡ್ನಿಯಲ್ಲಿ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಆಚೆ ಹೋಗುವುದನ್ನು ಹೋಗಲು ಬಿಟ್ಟರು, ಬೌಲರುಗಳೇ ಬೇಸತ್ತು ಕಾಲಿನ ಕಡೆಗೆ ಬಂದಾಗ ತೆಗೆದುಕೊಂಡರು. 436 ಚೆಂಡು, ಹತ್ತು ಗಂಟೆಗೂ ಹೆಚ್ಚು ಹೊತ್ತು, ಔಟಾಗದೆ 241. ಆ ಕಡೆ ಲಕ್ಷ್ಮಣ್ ಹೂವು ಎತ್ತಿಟ್ಟಂತೆ 178 ಹೊಡೆಯುತ್ತಿದ್ದರೂ ಇವರು ಪಕ್ಕದ ಮನೆ ಊಟಕ್ಕೆ ಆಸೆಪಡಲಿಲ್ಲ. ತೆಂಡೂಲ್ಕರರ ಇನ್ನಿಂಗ್ಸುಗಳಲ್ಲಿ ಇದು ಅತ್ಯಂತ ಚಂದದ್ದಲ್ಲ. ನನಗೆ ಮಾತ್ರ ಇದೇ ದೊಡ್ಡದು.

ಬಾಗಿಲು ಮುಚ್ಚುವ ವಿದ್ಯೆಯನ್ನು ನಮ್ಮವರೂ ಕಲಿತರು. 2008ರ ನವೆಂಬರಿನಲ್ಲಿ ನಾಗಪುರದಲ್ಲಿ ಧೋನಿ ಆಫ್ ಕಡೆ ಎಂಟು ಜನ, ಲೆಗ್ ಕಡೆ ಒಬ್ಬನನ್ನು ನಿಲ್ಲಿಸಿ ಜಹೀರ್, ಇಶಾಂತ್ ಕೈಲಿ ಹೊರಗೇ ಚೆಂಡು ಹಾಕಿಸಿದರು. ಆಸ್ಟ್ರೇಲಿಯಾ ಇಡೀ ದಿನದಲ್ಲಿ 166 ರನ್ ಮಾಡಿ ಆಲೌಟ್ ಆಯಿತು. ಅಣ್ಣನಿಗೆ ಫೋನ್ ಮಾಡಿ "ಇದು ಕಳ್ಳತನ ಅಲ್ವೇನೋ ಅಣ್ಣ?" ಅಂದೆ. "ಇದು ತಂತ್ರ ಕಣೋ" ಅಂದ.

ಅದೇ ವರ್ಷದ ಜನವರಿಯಲ್ಲಿ, ಮತ್ತೆ ಸಿಡ್ನಿಯಲ್ಲಿ, ನಮ್ಮ ದ್ರಾವಿಡ್ 18ರಲ್ಲಿ ಸಿಕ್ಕಿಬಿದ್ದಿದ್ದರು. ಒಂದಲ್ಲ ಎರಡಲ್ಲ, 40 ಚೆಂಡು. ಟಿವಿ ಮುಂದೆ ನನಗೇ ಉಸಿರು ಕಟ್ಟುತ್ತಿತ್ತು. ಕೊನೆಗೆ ಒಂದು ರನ್ ಬಂದಾಗ ಇಡೀ ಸ್ಟೇಡಿಯಂ ಎದ್ದು ಚಪ್ಪಾಳೆ ತಟ್ಟಿತು. ಅರ್ಧ ಗೇಲಿ, ಅರ್ಧ ಮೆಚ್ಚುಗೆ. ಬ್ರೆಟ್ ಲೀ ಬೆನ್ನು ತಟ್ಟಿದ. ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಫೋನು.

"ನೋಡಿದ್ಯೇನೋ?" ಅಂದ ಅಣ್ಣ. ನಗ್ತಿದ್ದ. "ನಿಮ್ಮ ಮುಂಬಯಿಯವರಿಗಿಂತ ಖಡೂಸ್ ಕಣೋ ನಮ್ಮ ಹುಡುಗ."

ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಆ ವರ್ಷ ಗಣಪತಿ ಹಬ್ಬಕ್ಕೆ ಹೋದಾಗ ಅವನು ಬಿಟ್ಟು ಬಾ ಅನ್ನಲಿಲ್ಲ. ಮಲಾಡಿನ ಮನೆಗೆ ಇನ್ನೆಷ್ಟು ಕಂತು ಬಾಕಿ ಇದೆ ಅಂತ ಕೇಳಿದ.