ಗೆಲ್ಲಿಸಿದೋರು ನಾವು ತಾನೇ?

5,23,89,318. ಇದು ಯಾವುದೋ ಪಕ್ಷಕ್ಕೆ ಬಿದ್ದ ಮತ ಅಲ್ಲ. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಹನ್ನೊಂದನೇ ಸೀಸನ್ ಮುಗಿದಾಗ, ಗೆದ್ದ ಹನುಮಂತ ಲಮಾಣಿಗೆ ಬಂದಿದ್ದು ಅಂತ ವೇದಿಕೆ ಮೇಲೆ ಘೋಷಣೆಯಾದ ಸಂಖ್ಯೆ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಇಡೀ ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಇದ್ದೋರು 5.4 ಕೋಟಿಗಿಂತ ಸ್ವಲ್ಪ ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ, ರಾಜ್ಯದ ವಯಸ್ಕರೆಲ್ಲ ಹೆಚ್ಚೂಕಡಿಮೆ ಸವಣೂರು ತಾಲ್ಲೂಕಿನ ಒಬ್ಬ ಕುರಿಗಾಹಿ ಹುಡುಗನಿಗೆ ಮತ ಹಾಕಿದ ಹಾಗೆ ಕಾಣುತ್ತೆ. ಹಾಗೇನೂ ಆಗಿಲ್ಲ, ಬಿಡಿ. ಇಲ್ಲಿ ಒಬ್ಬರೇ ಹಲವು ಮತ ಹಾಕಬಹುದು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಯಾವ ಮೀಟರ್ ಏನನ್ನ ಅಳೀತಿದೆ ಅನ್ನೋ ಪ್ರಶ್ನೆ ಮೊದಲು ಬರುತ್ತೆ. ಈ ಮೀಟರ್ ಅಳೆಯೋದು ಎಷ್ಟು ಜನ ಇಷ್ಟಪಟ್ಟರು ಅನ್ನೋದನ್ನಲ್ಲ. ಇಷ್ಟಪಟ್ಟೋರಿಗೆ ಎಷ್ಟು ಹಟ ಇತ್ತು ಅನ್ನೋದನ್ನ. ರಾತ್ರಿ ಊಟ ಮುಗಿಸಿ, ಫೋನ್ ಹಿಡಿದು, ಸಾಕು ಅನ್ನೋವರೆಗೂ ಒತ್ತೋ ಒಬ್ಬ ಅಭಿಮಾನಿ, ಸುಮ್ಮನೆ ನೋಡಿ ಮಲಗೋ ಹತ್ತು ಜನಕ್ಕಿಂತ ದೊಡ್ಡವನು.

ಈ ಹಟಕ್ಕೆ ಒಂದು ಇತಿಹಾಸ ಇದೆ. ಅದರ ಎರಡು ಅಧ್ಯಾಯ ನಡೆದಿದ್ದು ಮೈಸೂರಿನಲ್ಲಿ.

ಸ್ಪರ್ಧೆ ನೋಡೋದು ಮೈಸೂರಿನೋರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ವಿಜಯದಶಮಿ ದಿನ ಅರಮನೆ ಒಳಾಂಗಣದಲ್ಲಿ ನಡೆಯೋ ವಜ್ರಮುಷ್ಟಿ ಕಾಳಗ ಗೊತ್ತಲ್ಲ? ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ವಜ್ರನಖ ತೊಟ್ಟು ಇಳೀತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗೀತು. ಅಲ್ಲಿ ಪ್ರೇಕ್ಷಕನಿಗೆ ಕೆಲಸವೇ ಇಲ್ಲ. ನಿನ್ನ ಮನಸ್ಸಿನಲ್ಲಿ ಯಾರಿದ್ದರೇನು, ರಕ್ತ ಬಂದವನ ತಲೆ ಬಂದವನದೇ. ದಸರಾ ಕುಸ್ತಿ ಅಖಾಡದಲ್ಲಿ ಶಿಳ್ಳೆ ಹೊಡೀಬಹುದು, ಪೈಲ್ವಾನನ ಉಸ್ತಾದನ ಹೆಸರು ಕೂಗಬಹುದು, ಅಷ್ಟೇ. ಬೆನ್ನು ಮಣ್ಣು ಮುಟ್ಟಿತೋ ಇಲ್ಲವೋ ಅನ್ನೋದಕ್ಕೆ ನಿಮ್ಮ ಅಭಿಪ್ರಾಯ ಯಾರೂ ಕೇಳಲ್ಲ.

ಪ್ರೇಕ್ಷಕನಿಗೆ ಸ್ವಲ್ಪ ಅಧಿಕಾರ ಸಿಕ್ಕಿದ್ದು ನಾಟಕದ ಟೆಂಟಿನಲ್ಲಿ. ವರದಾಚಾರ್ಯರ ಕಾಲದ ಕಂಪನಿ ನಾಟಕ ನೆನಪಿಸಿಕೊಳ್ಳಿ. ರಂಗಗೀತೆ ಮುಗಿದ ತಕ್ಷಣ ನೆಲದ ಸಾಲಿನಿಂದ ‘ವನ್ಸ್ ಮೋರ್’ ಅನ್ನೋ ಕೂಗು. ಸತ್ತು ಬಿದ್ದ ಪಾತ್ರ ಕೂಡ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕಿತ್ತು ಅಂತ ಹಳಬರು ತಮಾಷೆ ಮಾಡ್ತಾರೆ. ಆದರೆ ಆ ಕೂಗಿಗೂ ಮಿತಿ ಇತ್ತು. ಹಾಡನ್ನ ಮತ್ತೆ ಹಾಡಿಸಬಹುದು, ಪ್ರಹ್ಲಾದನ ಬದಲು ಹಿರಣ್ಯಕಶಿಪುವನ್ನ ಗೆಲ್ಲಿಸೋಕಾಗಲ್ಲ. ಟೆಂಟು ಕಿತ್ತು ಕಂಪನಿ ಮುಂದಿನ ಊರಿಗೆ ಹೋದ್ರೆ ಆ ಸಂಬಂಧ ಅಲ್ಲಿಗೆ ಮುಗೀತಿತ್ತು. ಆಮೇಲೆ ಬಂದ ಸಿನಿಮಾ ಅಭಿಮಾನ ಬೇರೆ ಥರ. ರಾಜ್‌ಕುಮಾರ್ ಅಭಿಮಾನಿಗಳನ್ನ ದೇವರು ಅಂದ್ರು, ಅಭಿಮಾನಿಗಳು ಅವರನ್ನ ದೇವರು ಅಂದ್ರು. ಇಬ್ಬರ ನಡುವೆ ಒಂದು ತೆರೆ ಇತ್ತು, ಆ ತೆರೆಯೇ ಮರ್ಯಾದೆಯನ್ನೂ ಕಾಪಾಡ್ತಿತ್ತು.

ಟಿವಿಯಲ್ಲೂ ಮೊದಮೊದಲು ಹೀಗೇ ಇತ್ತು. ಈಟಿವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡ್ತಿದ್ದ ‘ಎದೆ ತುಂಬಿ ಹಾಡುವೆನು’ ನೆನಪಿದೆಯಾ? ಹುಡುಗಿ ಎಲ್ಲಿ ಶ್ರುತಿ ತಪ್ಪಿದಳು ಅಂತ ಎಸ್‌ಪಿಬಿ ಹೇಳೋರು, ಮನೆಯಲ್ಲಿ ಕೂತ ನಾವು ‘ಹೌದಲ್ವಾ’ ಅಂತ ತಲೆ ಆಡಿಸೋರು. ಸೋತ ಮಗುವಿನ ಮನೆಯೋರಿಗೆ ಬೇಜಾರಾಗಿರಬಹುದು, ಆದರೆ ಯಾರೂ ರಸ್ತೆಗೆ ಇಳೀತಿರಲಿಲ್ಲ. ತೀರ್ಪುಗಾರರ ಕೈಯಲ್ಲಿದ್ದ ಆ ಪೆನ್ನನ್ನ ಕಿತ್ತು ವೀಕ್ಷಕನ ಕೈಗೆ ಕೊಟ್ಟಿದ್ದು ಎಸ್ಸೆಮ್ಮೆಸ್. ಅದೇನು ಪ್ರಜಾಪ್ರಭುತ್ವದ ಪ್ರೀತಿಯಿಂದ ಕೊಟ್ಟಿದ್ದಲ್ಲ. ಮಾಮೂಲಿ ಸಂದೇಶಕ್ಕಿಂತ ಹಲವು ಪಟ್ಟು ದರ ಇತ್ತು, ಆ ದುಡ್ಡನ್ನ ಟೆಲಿಕಾಂ ಕಂಪನಿ, ಚಾನೆಲ್ ಹಂಚಿಕೊಳ್ತಿದ್ದವು.

ಆ ಪೆನ್ನಿನಲ್ಲಿ ಏನೇನು ಬರೀಬಹುದು ಅನ್ನೋದು ದೇಶಕ್ಕೆ ಗೊತ್ತಾಗಿದ್ದು 2007ರಲ್ಲಿ. ಹಿಂದಿಯ ಇಂಡಿಯನ್ ಐಡಲ್‌ನ ಮೂರನೇ ಸೀಸನ್. ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಅನ್ನೋ ಕೋಲ್ಕತಾ ಪೊಲೀಸ್ ಪೇದೆ ಫೈನಲ್‌ಗೆ ಬಂದ. ಬೆಟ್ಟದ ಊರುಗಳಲ್ಲಿ ಜನ ಚಂದಾ ಎತ್ತಿ ಎಸ್ಸೆಮ್ಮೆಸ್ ಕಳಿಸಿದರು. ಆತ ಗೆದ್ದ. ಗೆದ್ದ ಕೆಲವೇ ದಿನದಲ್ಲಿ ದಿಲ್ಲಿಯ ರೇಡಿಯೊ ಜಾಕಿಯೊಬ್ಬ ಗೂರ್ಖಾಗಳನ್ನ ಹಗುರವಾಗಿ ಆಡಿಕೊಂಡ. ಸಿಲಿಗುರಿಯಲ್ಲಿ ಗಲಭೆ, ಕರ್ಫ್ಯೂ. ಆ ಅಭಿಮಾನದ ಪ್ರಚಾರದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಬಿಮಲ್ ಗುರುಂಗ್, ಅಕ್ಟೋಬರ್‌ನಲ್ಲಿ ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಹಾಡಿನ ಕಾರ್ಯಕ್ರಮವೊಂದು ಪ್ರತ್ಯೇಕ ರಾಜ್ಯದ ಚಳವಳಿಗೆ ಮತ್ತೆ ಜೀವ ತುಂಬಿತ್ತು. ಅಲ್ಲಿಗೆ ಒಂದು ವಿಷಯ ಸ್ಪಷ್ಟ ಆಯ್ತು ನೋಡಿ: ಜನ ಗೆಲ್ಲಿಸೋದು ಹಾಡನ್ನಲ್ಲ, ‘ನಮ್ಮೋನು’ ಅನ್ನೋದನ್ನ.

ಕನ್ನಡದಲ್ಲಿ ಈ ‘ನಮ್ಮೋನು’ ಮೊದಲು ಸಿಕ್ಕಿದ್ದು ಕಾಡಿನಲ್ಲಿ.

2010ರ ಸುಮಾರಿಗೆ ಸುವರ್ಣ ವಾಹಿನಿಯಲ್ಲಿ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಬಂತು. ಸಿಟಿ ಹುಡುಗಿಯರು ಹಳ್ಳಿಯಲ್ಲಿ ಸಗಣಿ ಬಾಚೋದು ನೋಡಿ ಜನ ನಕ್ಕರು. ಅದರ ಬೆನ್ನಿಗೇ ಅದನ್ನ ತಿರುಗಿಸಿ ಹಾಕಿ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಮಾಡಿದರು. ನಿರೂಪಣೆ ಅಕುಲ್ ಬಾಲಾಜಿ. ಈ ಸಲ ಹಳ್ಳಿ, ಹಾಡಿಗಳ ಹುಡುಗರನ್ನ ಪೇಟೆಗೆ ಕರೆತಂದು, ಒಬ್ಬೊಬ್ಬರಿಗೆ ಒಬ್ಬೊಬ್ಬ ಸಿಟಿ ಹುಡುಗಿಯನ್ನ ಜೊತೆ ಮಾಡಿ, ಪೇಟೆ ಬದುಕು ಕಲಿಸೋ ಆಟ. ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯ ರಾಜೇಶ ಗೆದ್ದ.

ಬಳ್ಳೆ ಅಂದ್ರೆ ದಸರಾ ಆನೆಗಳ ಬಳ್ಳೆ. ಅಲ್ಲಿನ ಆನೆ ಅಂಬಾರಿ ಹೊರೋಕೆ ಬಂದಾಗ ಮೈಸೂರು ಎರಡೂ ಕೈ ಎತ್ತಿ ಮುಗಿಯುತ್ತಿತ್ತು. ಅಲ್ಲಿನ ಜನರ ಬಗ್ಗೆ ನಮಗೆ ಗೊತ್ತಿದ್ದಿದ್ದು ಕಡಿಮೆ. ಕಬಿನಿ ಜಲಾಶಯಕ್ಕೆ ಒಂದಷ್ಟು, ನಾಗರಹೊಳೆ ಅಭಯಾರಣ್ಯಕ್ಕೆ ಒಂದಷ್ಟು ಅಂತ ಜಾಗ ಬಿಟ್ಟುಕೊಟ್ಟ ಆದಿವಾಸಿ ಕುಟುಂಬಗಳ ತಾಲ್ಲೂಕು ಅದು. ಅಂಥಾ ಕಡೆಯಿಂದ ಬಂದ ಹುಡುಗ ಟಿವಿಯಲ್ಲಿ ಪ್ಯಾಂಟು ಶರ್ಟು ಹಾಕಿ, ಡ್ಯಾನ್ಸ್ ಕಲಿತು, ತಪ್ಪುತಪ್ಪಾಗಿ ಇಂಗ್ಲಿಷ್ ಮಾತಾಡಿದಾಗ ಮನೆಮನೆಯಲ್ಲಿ ಅಕ್ಕರೆ ಉಕ್ಕಿತು. ಅದು ನಾಟಕದ ಅಕ್ಕರೆ ಆಗಿರಲಿಲ್ಲ, ನಿಜವಾದದ್ದೇ. ಆದರೆ ಅದರಲ್ಲಿ ಒಂದು ಷರತ್ತು ಇತ್ತು. ಅವನು ಮುಗ್ಧ ಆಗಿರಬೇಕು. ಕಾರ್ಯಕ್ರಮದ ಇಡೀ ರುಚಿ ಇದ್ದಿದ್ದೇ ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು ಅನ್ನೋದರಲ್ಲಿ.

ಆಟ ಮುಗೀತು, ಕ್ಯಾಮೆರಾ ಹೋಯ್ತು. ಹಾಡಿಗೆ ವಾಪಸ್ ಹೋದರೆ ಅಲ್ಲಿ ಅವನು ಸ್ಟಾರ್, ಪೇಟೆಗೆ ಬಂದರೆ ಇಲ್ಲಿ ಅವನು ಕಾಡಿನ ಹುಡುಗ. ಸಿನಿಮಾ ಸಿಕ್ಕಿತು, ‘ಜಂಗಲ್ ಜಾಕಿ’. ಹೆಸರು ನೋಡಿ. ಪೇಟೆ ಬದುಕು ಕಲಿತು ಗೆದ್ದವನಿಗೆ ಪೇಟೆ ಕೊಟ್ಟ ಬಿರುದು ಮತ್ತೆ ಜಂಗಲ್ಲೇ. ನಡುವೆ ಮನಸ್ಸಿನ ಆರೋಗ್ಯ ಕೆಟ್ಟು ಚಿಕಿತ್ಸೆಗೆ ಹೋದ. ಅದೂ ಸುದ್ದಿಯಾಯ್ತು, ಚಾನೆಲ್‌ಗಳಲ್ಲಿ ಅದೂ ಒಂದು ಕಾರ್ಯಕ್ರಮ ಆಯ್ತು. ಹುಷಾರಿಲ್ಲದ ಮನುಷ್ಯನನ್ನ ಹುಷಾರಿಲ್ಲದ ಸ್ಥಿತಿಯಲ್ಲೇ ತೋರಿಸೋದು ಯಾವ ಪತ್ರಿಕೋದ್ಯಮ ಅಂತ ಕೇಳಿದ್ರೆ, ‘ಜನ ಅವನ ಬಗ್ಗೆ ತಿಳ್ಕೊಳ್ಳೋಕೆ ಇಷ್ಟಪಡ್ತಾರೆ’ ಅನ್ನೋ ಉತ್ತರ ಈ ಉದ್ಯಮದಲ್ಲಿ ಯಾವಾಗಲೂ ಸಿದ್ಧ ಇರುತ್ತೆ. ಉತ್ತರ ಸುಳ್ಳಲ್ಲ ಅನ್ನೋದೇ ಕಷ್ಟ. ಜನ ಇಷ್ಟಪಡ್ತಿದ್ರು. ಗೆಲ್ಲೋದನ್ನ ನೋಡಿದೋರು ಬೀಳೋದನ್ನೂ ನೋಡೋಕೆ ತಮಗೆ ಹಕ್ಕಿದೆ ಅಂದುಕೊಂಡಿದ್ರು.

2013ರ ನವೆಂಬರ್‌ನಲ್ಲಿ ರಾಜೇಶ ಮೈಸೂರಿನಲ್ಲಿ ಕಟ್ಟಡವೊಂದರ ಮಹಡಿಯಿಂದ ಬಿದ್ದು ತೀರಿಕೊಂಡ. ಒಂದು ಸಾವನ್ನ ಒಂದು ಕಾರ್ಯಕ್ರಮದ ಕೊರಳಿಗೆ ಕಟ್ಟೋದು ನ್ಯಾಯ ಅಲ್ಲ, ನಾನು ಕಟ್ಟಲ್ಲ. ಆದರೆ ಆ ವಾರದ ಚರ್ಚೆಯ ಸ್ವರೂಪವನ್ನ ಹೇಳಲೇಬೇಕು. ‘ಕಾಡಿನಲ್ಲಿ ಇರಬೇಕಾದೋನನ್ನ ನಾಡಿಗೆ ಯಾಕೆ ತಂದರು’ ಅಂತ ಬಹಳ ಜನ ಮರುಗಿದರು. ಕೇಳೋಕೆ ಕರುಣೆ. ಒಳಗೆ ಇರೋದು ಅದೇ ಹಳೇ ಷರತ್ತು, ನೀನು ಅಲ್ಲೇ ಇರಬೇಕಿತ್ತು ಅನ್ನೋದು. ಪೇಟೆಗೆ ಬಂದಿದ್ದು ತಪ್ಪಲ್ಲ ಸ್ವಾಮಿ. ಎಚ್.ಡಿ. ಕೋಟೆಯಿಂದ ದಿನಾ ನೂರಾರು ಜನ ಕೆಲಸಕ್ಕೆ, ಕಾಲೇಜಿಗೆ ಮೈಸೂರಿಗೆ ಬರ್ತಾರೆ. ಯಾರಿಗೂ ಚಪ್ಪಾಳೆ ಹೊಡೆಯಲ್ಲ, ಯಾರಿಗೂ ಮರುಗಲ್ಲ.

ಅದೇ 2013ರಲ್ಲಿ, ರಾಜೇಶ ಹೋಗೋಕೆ ಕೆಲ ತಿಂಗಳು ಮೊದಲು, ಬಿಗ್ ಬಾಸ್ ಕನ್ನಡ ಶುರುವಾಗಿತ್ತು. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಹುಟ್ಟಿದ ಬಿಗ್ ಬ್ರದರ್‌ನ ಕೂಸು. ಮೊದಲ ಸೀಸನ್ನಿನ ಮನೆ ಲೋಣಾವಳದಲ್ಲಿ, ನಿರೂಪಕ ಸುದೀಪ್, ಗೆದ್ದವರು ವಿಜಯ್ ರಾಘವೇಂದ್ರ. ಆಮೇಲೆ ಮನೆ ಬಿಡದಿಗೆ ಬಂತು. ಶನಿವಾರದ ಕಿಚ್ಚನ ಪಂಚಾಯ್ತಿ ಒಂದು ಥರದ ಊರ ಕಟ್ಟೆ ನ್ಯಾಯ ಆಯ್ತು. ನಮ್ಮ ಸ್ಪರ್ಧಿಗೆ ಬೈದರೆ ಪಕ್ಷಪಾತ, ಎದುರಾಳಿಗೆ ಬೈದರೆ ನ್ಯಾಯ. ಆ ಸೀಸನ್‌ಗಳನ್ನೆಲ್ಲ ಇಲ್ಲಿ ಎಣಿಸ್ತಾ ಕೂರಲ್ಲ. ಮೈಸೂರಿಗೆ ಸಂಬಂಧಪಟ್ಟದ್ದು ಐದನೆಯದು.

2017ರ ಆ ಸೀಸನ್‌ನಲ್ಲಿ ಸೆಲೆಬ್ರಿಟಿಗಳ ಜೊತೆ ಜನಸಾಮಾನ್ಯರನ್ನೂ ಮನೆಯೊಳಗೆ ಬಿಟ್ಟರು. ಸೇಲ್ಸ್‌ಮನ್ ದಿವಾಕರ್ ಹಾಗೆ ಬಂದೋರು, ಎರಡನೇ ಸ್ಥಾನದವರೆಗೂ ಹೋದರು. ಡಬ್‌ಸ್ಮ್ಯಾಶ್ ವಿಡಿಯೊಗಳಿಂದ ಹೆಸರಾಗಿದ್ದ ಮೈಸೂರಿನ ಹುಡುಗಿ ನಿವೇದಿತಾ ಗೌಡ ಕೂಡ ಹಾಗೇ ಬಂದವರು. ಅವರ ಕನ್ನಡದ ಉಚ್ಚಾರಣೆಯನ್ನ ಜನ ಆಡಿಕೊಂಡರು, ಬೈದರು, ಆಮೇಲೆ ಅದನ್ನೇ ಮುದ್ದು ಮಾಡಿದರು. ರ‍್ಯಾಪರ್ ಚಂದನ್ ಶೆಟ್ಟಿ ಅವರನ್ನ ಗೊಂಬೆ ಅಂತ ಕರೆದು ಹಾಡು ಕಟ್ಟಿದರು. ದಸರಾ ಗೊಂಬೆಯ ಊರಿನ ಹುಡುಗಿಗೆ ಹೆಸರು ಚೆನ್ನಾಗಿ ಕೂತಿತು. 2018ರ ಜನವರಿಯಲ್ಲಿ ಚಂದನ್ ಗೆದ್ದರು. ಅಭಿಮಾನಿಗಳು ಅಷ್ಟಕ್ಕೆ ಬಿಡಲಿಲ್ಲ, ಇಬ್ಬರ ಹೆಸರನ್ನೂ ಸೇರಿಸಿ ಜೋಡಿ ಮಾಡಿದರು. ಗೆಲ್ಲಿಸಿದೋರು ನಾವು, ಮದುವೆನೂ ನಾವೇ ಮಾಡ್ತೀವಿ ಅನ್ನೋ ಹಾಗೆ.

2019ರ ಅಕ್ಟೋಬರ್, ಯುವ ದಸರಾ, ಮಹಾರಾಜ ಕಾಲೇಜು ಮೈದಾನ. ಕಾಲೇಜು ಹುಡುಗ ಹುಡುಗಿಯರಿಂದ ಮೈದಾನ ತುಂಬಿತ್ತು. ಹಾಡ್ತಿದ್ದ ಚಂದನ್, ನಿವೇದಿತಾರನ್ನ ವೇದಿಕೆಗೆ ಕರೆದು, ಉಂಗುರ ತೊಡಿಸಿ ಮದುವೆ ಪ್ರಸ್ತಾಪ ಇಟ್ಟರು. ಮೈದಾನ ಕುಣಿಯಿತು. ಮಾರನೇ ದಿನ ಊರು ಸಿಡಿಯಿತು. ನಾಡಹಬ್ಬದ ವೇದಿಕೆ, ಸರ್ಕಾರದ ದುಡ್ಡು, ಇದೇನು ಖಾಸಗಿ ಛತ್ರವಾ ಅಂತ. ಉಸ್ತುವಾರಿ ಸಚಿವರಾಗಿದ್ದ ವಿ. ಸೋಮಣ್ಣ ಬಹಿರಂಗವಾಗಿ ಖಂಡಿಸಿದರು, ಪೊಲೀಸರಿಗೆ ದೂರು ಹೋಯ್ತು, ಚಂದನ್ ಕ್ಷಮೆ ಕೇಳಿದರು.

ಆಕ್ಷೇಪದಲ್ಲಿ ಹುರುಳಿತ್ತು. ಸಾರ್ವಜನಿಕ ದುಡ್ಡಿನ ವೇದಿಕೆಗೆ ಅದರದ್ದೇ ಶಿಸ್ತು ಬೇಕು. ಆದರೆ ತಪ್ಪನ್ನೆಲ್ಲ ಆ ಇಬ್ಬರ ಮೇಲೆ ಹಾಕಿದ್ದು ನನಗೆ ಅರ್ಧ ನ್ಯಾಯ ಅನ್ಸುತ್ತೆ. ನೂರು ದಿನ ಕ್ಯಾಮೆರಾಗಳ ಮುಂದೆ ಹುಟ್ಟಿದ ಸಂಬಂಧ ಅದು. ಅದಕ್ಕೆ ಹಾಲೆರೆದಿದ್ದು ಯಾರು? ಎಲ್ಲಿ ಹೋದರೂ ‘ಮದುವೆ ಯಾವಾಗ’ ಅಂತ ಮೈಕ್ ಹಿಡಿದೋರು ಯಾರು? ಆ ಮೈದಾನದಲ್ಲಿದ್ದ ಹುಡುಗರಿಗೆ ಅದು ಬೇರೆಯವರ ನಿಶ್ಚಿತಾರ್ಥ ಅಂತ ಅನ್ನಿಸಲೇ ಇಲ್ಲ, ತಾವೇ ನೋಡ್ತಾ ಬಂದ ಧಾರಾವಾಹಿಯ ಮುಂದಿನ ಎಪಿಸೋಡು ಅದು. ಟೆಂಟು ಕಿತ್ತ ಮೇಲೂ ‘ವನ್ಸ್ ಮೋರ್’ ಕೇಳಿಸ್ತಾನೇ ಇತ್ತು.

2020ರ ಫೆಬ್ರವರಿ 26ಕ್ಕೆ ಮೈಸೂರಿನಲ್ಲೇ ಮದುವೆ ಆಯ್ತು. 2024ರ ಜೂನ್ 7ರಂದು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಪರಸ್ಪರ ಒಪ್ಪಿಗೆ ಮೇಲೆ, ವಿಚ್ಛೇದನ. ಆಮೇಲಿನ ಎರಡು ಮೂರು ದಿನ ನೆನಪಿರಬಹುದು. ಜೀವನಾಂಶ ಎಷ್ಟು ಕೋಟಿ, ನಡುವೆ ಬಂದ ಮೂರನೆಯವರು ಯಾರು, ರೀಲ್ಸ್ ಮಾಡಿದ್ದಕ್ಕಾ, ಮಕ್ಕಳು ಬೇಡ ಅಂದಿದ್ದಕ್ಕಾ. ‘ನಾವು ಹರಸಿದ್ದ ಜೋಡಿ, ನಮಗೆ ಕಾರಣ ಬೇಕು’ ಅನ್ನೋ ಧಾಟಿ. ಹೆಚ್ಚಿನ ಬೈಗುಳ ಬಿದ್ದಿದ್ದು ಹೆಣ್ಣಿಗೆ, ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟು ಅವರಿಬ್ಬರನ್ನ ಕೇಳದೇ ಇದ್ದ ಪ್ರಶ್ನೆಗಳಿಗೆಲ್ಲ ವೀಕ್ಷಕರು ಉತ್ತರ ಕೇಳ್ತಿದ್ದರು.

ಕೊನೆಗೆ, ವಿಚ್ಛೇದನ ಆಗಿ ಮೂರು ದಿನಕ್ಕೆ, ಇಬ್ಬರೂ ಜೊತೆಯಾಗಿ ಬಂದು ಅಕ್ಕಪಕ್ಕ ಕೂತು ಪತ್ರಿಕಾಗೋಷ್ಠಿ ನಡೆಸಿದರು. ಹಬ್ಬಿರೋ ಮಾತುಗಳು ಸುಳ್ಳು, ಜೀವನಾಂಶ ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ ಅಂತ ಒಂದೊಂದಾಗಿ ವಿವರಿಸಿದರು. ಎಲ್ಲಾ ಚಾನೆಲ್‌ಗಳಲ್ಲೂ ನೇರ ಪ್ರಸಾರ ಇತ್ತು.