ಊಟಿಯ ಸಸ್ಯೋದ್ಯಾನ: ಮನೆಮಂದಿಯೆಲ್ಲ ಕೂಡಿ ನೋಡಲು ಒಂದು ಕೈಪಿಡಿ

ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನವನ್ನು ನಮ್ಮ ಸದಸ್ಯರಲ್ಲಿ ಬಹಳ ಮಂದಿ ಒಮ್ಮೆಯಾದರೂ ನೋಡಿರುತ್ತಾರೆ. ಆದರೆ ಹೆಚ್ಚಿನವರ ಭೇಟಿ ಹುಲ್ಲುಹಾಸಿನ ಮೇಲೆ ಫೋಟೊ ತೆಗೆದು, ಚುರುಮುರಿ ತಿಂದು, ಕತ್ತಲಾಗುವ ಮುಂಚೆ ಘಟ್ಟ ಇಳಿಯುವುದರಲ್ಲೇ ಮುಗಿದುಹೋಗುತ್ತದೆ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಸೇರಿ ಒಂದಿಡೀ ದಿನವನ್ನು ಅಲ್ಲಿ ಕಳೆಯಲು ಬೇಕಾದ ಮಾಹಿತಿಯನ್ನು ಇಲ್ಲಿ ಕೊಟ್ಟಿದ್ದೇವೆ. ಜೊತೆಗೆ, ಗಿಡಮರಗಳ ಕನ್ನಡ ಹೆಸರುಗಳನ್ನು ಮಕ್ಕಳಿಗೆ ದಾಟಿಸಲು ಈ ಭೇಟಿಯನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನೂ ಬರೆದಿದ್ದೇವೆ.

ತೋಟದ ಹಿನ್ನೆಲೆ

1840ರ ದಶಕದಲ್ಲಿ ಊಟಿಯಲ್ಲಿ ನೆಲೆಸಿದ್ದ ಯುರೋಪಿಯನ್ನರು ತಮಗೆ ಬೇಕಾದ ತರಕಾರಿ ಬೆಳೆಸಿಕೊಳ್ಳಲು ಚಂದಾ ಹಾಕಿ ಒಂದು ತೋಟ ನಡೆಸುತ್ತಿದ್ದರು. ಮುಂದೆ ಅದನ್ನು ಸಾರ್ವಜನಿಕ ಉದ್ಯಾನವಾಗಿಸುವ ಯೋಚನೆ ಬಂತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ 1848ರಲ್ಲಿ ಬಂದು ಕೆಲಸ ವಹಿಸಿಕೊಂಡರು. ಮೇಲುಭಾಗದಲ್ಲಿ ದಟ್ಟ ಕಾಡು, ಕೆಳಭಾಗದಲ್ಲಿ ಜೌಗು. ಅದನ್ನೆಲ್ಲ ಹದಕ್ಕೆ ತರಲು ಸುಮಾರು ಹತ್ತು ವರ್ಷ ಹಿಡಿಯಿತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ಗಿಡವನ್ನು ನೀಲಗಿರಿಯಲ್ಲಿ ನೆಲೆಯೂರಿಸಿದವರೂ ಇದೇ ಮೆಕೈವರ್.

ಇಂದು ತೋಟದ ಹರವು ಸುಮಾರು 55 ಎಕರೆ. ನೋಡಿಕೊಳ್ಳುವುದು ತಮಿಳುನಾಡು ತೋಟಗಾರಿಕೆ ಇಲಾಖೆ. ತೋಟವಿರುವುದು 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಇಳಿಜಾರಿನಲ್ಲಿ. ಆ ಹೆಸರು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಡಗರು ಮೈಸೂರು ಸೀಮೆಯಿಂದ, ಅಂದರೆ ಬೆಟ್ಟಕ್ಕೆ ಬಡಗಣ ದಿಕ್ಕಿನಿಂದ ಬಂದವರಾದ್ದರಿಂದ ಅವರಿಗೆ ಆ ಹೆಸರು ಬಂತೆನ್ನುತ್ತಾರೆ. ಅವರ ನುಡಿಯನ್ನು ಕೆಲವು ವಿದ್ವಾಂಸರು ಹಳೆಯ ಕನ್ನಡದ ಒಂದು ಕವಲು ಎಂದರೆ, ಕೆಲವರು ಸ್ವತಂತ್ರ ಭಾಷೆ ಎನ್ನುತ್ತಾರೆ. ಹೇಗಾದರೂ ಬಡಗ ಹಟ್ಟಿಯ ಹಿರಿಯರ ಮಾತು ಕೇಳಿದರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ.

ಏನೇನು ನೋಡಬೇಕು

ಕೆಳ ತೋಟ, ಹೊಸ ತೋಟ, ಇಟಾಲಿಯನ್ ತೋಟ, ಗಾಜಿನ ಮನೆ, ಕಾರಂಜಿ ಇರುವ ಹಂತ ಮತ್ತು ಸಸಿ ಬೆಳೆಸುವ ನರ್ಸರಿಗಳು ಇಲ್ಲಿನ ಮುಖ್ಯ ಭಾಗಗಳು. ಇಟಾಲಿಯನ್ ತೋಟವನ್ನು ಯುದ್ಧದ ಸೆರೆಯಾಳುಗಳಾಗಿದ್ದ ಇಟಲಿಯವರು ರೂಪಿಸಿದರೆಂದು ಹೇಳುತ್ತಾರೆ.

ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಕಲ್ಲಾಗಿರುವ ಮರದ ದಿಮ್ಮಿ. ಇದರ ವಯಸ್ಸು ಸುಮಾರು 2 ಕೋಟಿ ವರ್ಷ. ಮಣ್ಣಿನಡಿ ಹೂತುಹೋದ ಮರದೊಳಗೆ ಖನಿಜ ತುಂಬಿದ ನೀರು ಇಳಿದು, ಕಾಲಕ್ರಮದಲ್ಲಿ ಮರದ ಜಾಗವನ್ನು ಕಲ್ಲು ತುಂಬಿಕೊಳ್ಳುತ್ತದೆ. ಆಕಾರ ಮಾತ್ರ ಮರದ್ದೇ ಉಳಿಯುತ್ತದೆ. ಇನ್ನು ಕೋತಿಯೂ ಹತ್ತಲಾರದಷ್ಟು ಮುಳ್ಳೆಲೆಯ ಮಂಕಿ ಪಜಲ್ ಮರ, ಸೀಸೆಯ ಬಿರಡೆ ಮಾಡುವ ಕಾರ್ಕ್ ಮರ, ಕಾಗದದಂತೆ ತೊಗಟೆ ಸುಲಿಯುವ ಮರ ಇವನ್ನು ಕೇಳಿಕೊಂಡು ಹೋಗಿ ನೋಡಬೇಕು.

ತೋಟದ ಮೇಲ್ಭಾಗದಲ್ಲಿ ತೋಡರ ಮಂದು ಇದೆ. ಊಟಕಮಂಡ್ ಎಂಬ ಹೆಸರಿನ ಕೊನೆಯ ತುಂಡು ಈ ಮಂದು ಎಂಬ ಮಾತೇ. ಅದು ಪ್ರದರ್ಶನದ ವಸ್ತುವಲ್ಲ, ಜನ ಬಾಳುವ ಊರು. ಕೇಳದೆ ಫೋಟೊ ತೆಗೆಯಬಾರದು, ಗುಡಿಯ ಹತ್ತಿರ ಹೋಗಬಾರದು.

ಹೆಸರುಗಳ ವಿಚಾರ

ದಾಸವಾಳವನ್ನು ಕಾಸರಗೋಡಿನ ಮಗು ಮಲಯಾಳಂ ಪಾಠದಲ್ಲಿ ಚೆಂಬರತ್ತಿ ಎಂದು ಓದುತ್ತದೆ. ತಾಳವಾಡಿಯಲ್ಲಿ ಅದು ತಮಿಳಿನ ಸೆಂಬರುತ್ತಿ, ಅಕ್ಕಲಕೋಟೆಯಲ್ಲಿ ಮರಾಠಿಯ ಜಾಸ್ವಂದ, ಆದವಾನಿಯಲ್ಲಿ ತೆಲುಗಿನ ಮಂದಾರ. ಕನ್ನಡದಲ್ಲಿ ಮಂದಾರ ಎಂದರೆ ಬೇರೆಯೇ ಹೂ. ಆ ಭಾಷೆಗಳ ಹೆಸರು ಕಲಿಯುವುದು ಒಳ್ಳೆಯದೇ, ನಾವು ಬಾಳುವ ನೆಲದ ಮಾತು ಅದು. ತೊಂದರೆ ಏನೆಂದರೆ, ದಾಸವಾಳ ಎಂಬ ಮಾತು ಆ ಮಗುವಿನ ಯಾವ ಪುಸ್ತಕದಲ್ಲೂ ಬಾರದಿರಬಹುದು. ಆಗ ಅದನ್ನು ಹೇಳಿಕೊಡುವವರು ಮನೆಯ ಹಿರಿಯರು ಮಾತ್ರ. ಹಿರಿಯರು ಗಿಡದ ಮುಂದೆ ನಿಂತಾಗಲೇ ಆ ಮಾತುಗಳು ಹೊರಗೆ ಬರುವುದು. ಸುಮ್ಮನೆ ಕೂರಿಸಿ ಕೇಳಿದರೆ ನಾಲ್ಕು ಹೆಸರೂ ನೆನಪಾಗುವುದಿಲ್ಲ.

ಆದ್ದರಿಂದ ಒಂದು ನೋಟುಪುಸ್ತಕ ಒಯ್ಯಿರಿ. ಫಲಕದಲ್ಲಿರುವ ಸಸ್ಯಶಾಸ್ತ್ರೀಯ ಹೆಸರನ್ನು ಮಗು ಬರೆದುಕೊಳ್ಳಲಿ. ಅದು ಎಲ್ಲ ಭಾಷೆಯವರಿಗೂ ಒಂದೇ. ಪಕ್ಕದಲ್ಲಿ ಅಜ್ಜಿ ಹೇಳಿದ ಹೆಸರು, ಅದರ ಪಕ್ಕದಲ್ಲಿ ಶಾಲೆಯಲ್ಲಿ ಕಲಿತ ಹೆಸರು. ಶುರು ಮಾಡಲು ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ:

• ನೀಲಗಿರಿ ಮರ: ಯೂಕಲಿಪ್ಟಸ್‌ಗೆ ಕನ್ನಡದಲ್ಲಿ ಈ ಬೆಟ್ಟಗಳ ಹೆಸರೇ ಬಿದ್ದಿದೆ. ತವರು ಮಾತ್ರ ಆಸ್ಟ್ರೇಲಿಯಾ. 1843ರ ಹೊತ್ತಿಗೆ ಇಲ್ಲಿಗೆ ತಂದು ನೆಟ್ಟರು. ತಮಿಳಿನಲ್ಲಿ ತೈಲ ಮರ.
• ಜರಿಗಿಡ: ಫರ್ನ್. ಹೂವೂ ಇಲ್ಲ, ಬೀಜವೂ ಇಲ್ಲ. ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಕಂದು ಚುಕ್ಕಿಗಳು ಕಾಣಬಹುದು. ಅದರ ಸಂತಾನ ಬೆಳೆಯುವುದು ಅವುಗಳೊಳಗಿನ ಪುಡಿಯಿಂದ.
• ಡೇರೆ ಹೂ: ಡೇಲಿಯಾಕ್ಕೆ ಮಲೆನಾಡಿನವರ ಹೆಸರು. ಮೂಲ ಮೆಕ್ಸಿಕೊ.
• ಕರ್ಣಕುಂಡಲ: ಬಾಲ್ಸಮ್. ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿಯುತ್ತದೆ. ಇದರ ಕಾಡು ಬಂಧುಗಳು ಪಶ್ಚಿಮ ಘಟ್ಟದಲ್ಲಿ ಬಹಳ ಇವೆ.
• ಪಾಪಾಸುಕಳ್ಳಿ: ಕ್ಯಾಕ್ಟಸ್. ರಾಯದುರ್ಗ, ಜತ್ತ ಕಡೆಯ ಮಕ್ಕಳಿಗೆ ಹೊಲದ ಬದುವಿನಲ್ಲೇ ಪರಿಚಯ.
• ಮ್ಯಾಗ್ನೋಲಿಯಾ ಎಂಬ ಫಲಕ ಕಂಡರೆ, ಅದು ನಮ್ಮ ಸಂಪಿಗೆಯ ದಾಯಾದಿ ಎಂದು ತಿಳಿಸಿ.

ಹೋಗುವ ದಾರಿ

ಮೈಸೂರು, ಗುಂಡ್ಲುಪೇಟೆ ಮೇಲೆ ಬರುವವರು ಬಂಡೀಪುರದ ಕಾಡು ದಾಟಬೇಕು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಮಸಿನಗುಡಿ, ಕಲ್ಹಟ್ಟಿ ದಾರಿ ಹತ್ತಿರವಾದರೂ 36 ಕಡಿದಾದ ತಿರುವುಗಳಿವೆ. ವಯಸ್ಸಾದವರು ಜೊತೆಗಿದ್ದರೆ ಗೂಡಲೂರು ದಾರಿಯೇ ಮೇಲು. ವಯನಾಡಿನವರು ಸುಲ್ತಾನ್ ಬತ್ತೇರಿಯಿಂದ ಗೂಡಲೂರಿಗೆ ಬರಬಹುದು. ಕಾಸರಗೋಡಿನವರಿಗೆ ರೈಲಿನಲ್ಲಿ ಕೋಝಿಕ್ಕೋಡ್ ತಲುಪಿ, ಅಲ್ಲಿಂದ ರಸ್ತೆಯಲ್ಲಿ ನಿಲಂಬೂರು, ನಾಡುಕಾಣಿ ಮೇಲೆ ಗೂಡಲೂರು ಸೇರುವ ದಾರಿ ಇದೆ. ಸೊಲ್ಲಾಪುರ, ಆದವಾನಿ ಕಡೆಯವರಿಗೆ ಇದು ಒಂದು ದಿನದ ಮಾತಲ್ಲ. ರೈಲಿನಲ್ಲಿ ಮೈಸೂರಿಗೆ ಬಂದು ತಂಗಿ ಹೊರಡುವುದು ವಾಸಿ.

ಮೇಟ್ಟುಪಾಳಯದಿಂದ ಹೊರಡುವ ಬೆಟ್ಟದ ರೈಲು 46 ಕಿ.ಮೀ. ಏರಲು ಐದು ಗಂಟೆಯಷ್ಟು ತೆಗೆದುಕೊಳ್ಳುತ್ತದೆ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ರೈಲಿಗೆ ಟಿಕೆಟ್ ಬಹಳ ಮುಂಚೆಯೇ ಕಾದಿರಿಸಬೇಕು.

ಹೊರಡುವ ಮುನ್ನ

2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂದಿದೆ. ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ ಹಾಕುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಪಾಸ್ ಬೇಕಿಲ್ಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿ ಜಿಲ್ಲೆಯಲ್ಲೇ ನಿಷಿದ್ಧ. ಮನೆಯಿಂದ ಸ್ಟೀಲಿನ ಬಾಟಲಿ, ಬುತ್ತಿ ಡಬ್ಬಿ ತನ್ನಿ.

ಮೇ ತಿಂಗಳ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ವೈಭವವೂ ಜನಜಂಗುಳಿಯೂ ಒಟ್ಟಿಗೇ ಇರುತ್ತವೆ. ನಿಧಾನವಾಗಿ ನೋಡಬೇಕೆಂದಿದ್ದರೆ ಪ್ರದರ್ಶನ ಬಿಟ್ಟು, ವಾರದ ನಡುವಿನ ದಿನ ಬೆಳಿಗ್ಗೆ ಬೇಗ ಹೋಗಿ. ಮಂಡಿನೋವಿನವರು ಕೆಳ ತೋಟ ಮತ್ತು ಗಾಜಿನ ಮನೆಗಳಷ್ಟನ್ನೇ ನೋಡಿದರೂ ಸಾಕಷ್ಟಾಗುತ್ತದೆ. ಮೇಲಿನ ಹಂತಗಳಿಗೆ ಏರು ದಾರಿ. ಸ್ವೆಟರ್, ಕೊಡೆ ಯಾವ ತಿಂಗಳಲ್ಲೂ ಇರಲಿ.

ಸಮಯ ಉಳಿದರೆ ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯದೇ ಆದ, ಸುಮಾರು 38 ಎಕರೆಯ ಕರ್ನಾಟಕ ಸಿರಿ ಉದ್ಯಾನವನ್ನೂ ನೋಡಿ ಬನ್ನಿ. ಕೂನೂರಿನಲ್ಲಿ ಇಳಿಯುವವರಿಗೆ 1874ರ ಸಿಮ್ಸ್ ಪಾರ್ಕ್ ಇದೆ.

ನಿಮ್ಮ ಮಕ್ಕಳು ಬರೆದುಕೊಂಡ ಹೆಸರುಗಳ ಪಟ್ಟಿಯನ್ನು ಊರಿನ ಹೆಸರಿನೊಂದಿಗೆ ಸಂಘಕ್ಕೆ ಕಳಿಸಿಕೊಡಿ. ಒಂದೇ ಗಿಡಕ್ಕೆ ಮಡಕಶಿರಾದಲ್ಲಿ ಒಂದು, ಹೊಸೂರಿನಲ್ಲಿ ಇನ್ನೊಂದು ಹೆಸರಿದ್ದರೆ ಎರಡನ್ನೂ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.